ಆಲ್-ಮೌಂಟನ್ ಸ್ಕೀ ಆರಿಸುವುದು: 88, 96, 102ರ ನಡುವೆ

ಅಂಗಡಿಗೆ ಹೋಗುವ ಮುನ್ನ ಒಂದು ಚೀಟಿ ತೆಗೆದುಕೊಂಡು, ಕಳೆದ ಸೀಸನ್ನಿನಲ್ಲಿ ಸ್ಕೀ ಮಾಡಿದ ದಿನಗಳನ್ನು ಬರೆಯಿರಿ. ಪ್ರತಿ ದಿನದ ಎದುರಿಗೆ ಆವತ್ತು ಕಾಲಡಿ ಇದ್ದ ಹಿಮ ಎಂಥದು ಎಂದು ಗುರುತು ಹಾಕಿ: ಯಂತ್ರದಿಂದ ಹದ ಮಾಡಿದ ಗಟ್ಟಿ ಇಳಿಜಾರು, ಮಧ್ಯಾಹ್ನದ ಹೊತ್ತಿಗೆ ತುಳಿದು ಕಲಸಿಹೋದ ಹಿಮ, ಸ್ಕೀಗಳ ತಿರುವಿನಿಂದ ಎದ್ದ ಮೊಗಲ್ ದಿಬ್ಬಗಳು, ಮೊಣಕಾಲವರೆಗೆ ಬರುವ ಹೊಸ ಹಿಮ. ಹೆಚ್ಚಿನವರ ಚೀಟಿಯಲ್ಲಿ ಮೊದಲ ಎರಡು ಬಗೆಯೇ ತುಂಬಿರುತ್ತವೆ. ಆದರೆ ಕೊಂಡು ತರುವುದು ಮಾತ್ರ ಕೊನೆಯ ಬಗೆಗೆ ಹೊಂದುವ ಸ್ಕೀಯನ್ನು. ವರ್ಷಕ್ಕೆ ಎರಡು ದಿನ ಸಿಗುವ ಪೌಡರ್‌ಗಾಗಿ, ಅಂದರೆ ಆ ಮೆತ್ತನೆ ಹೊಸ ಹಿಮಕ್ಕಾಗಿ, ನಡು 104 ಮಿ.ಮೀ. ಅಗಲದ ಸ್ಕೀ ಕೊಂಡವರು ಉಳಿದ ದಿನವೆಲ್ಲ ಗಟ್ಟಿ ಹಿಮದ ಮೇಲೆ ಅದರ ಜೊತೆ ಗುದ್ದಾಡುತ್ತಾರೆ. ಎಲ್ಲ ಬಗೆಯ ಹಿಮಕ್ಕೂ ಒಂದೇ ಸ್ಕೀ ಎನ್ನುವ ಈ ಆಲ್-ಮೌಂಟನ್ ವರ್ಗದಲ್ಲಿ ಆಗುವ ತಪ್ಪುಗಳಲ್ಲಿ ಇದೇ ದೊಡ್ಡದು.

ಇಲ್ಲಿ ಹೇಳುವುದು ಸಮಾನಾಂತರ ತಿರುವುಗಳನ್ನು ನಿರಾಯಾಸವಾಗಿ ಜೋಡಿಸಬಲ್ಲವರಿಗೆ. ಯುರೋಪಿನ ಕೆಂಪು ಗುರುತಿನ ಇಳಿಜಾರು ಅಥವಾ ಉತ್ತರ ಅಮೆರಿಕದ ನೀಲಿ ಚೌಕದ ಇಳಿಜಾರಿನಲ್ಲಿ ಹೆದರದೆ ಇಳಿಯುವವರು, ಕಪ್ಪು ಗುರುತಿನತ್ತ ಕಣ್ಣಿಟ್ಟವರು ಅಥವಾ ಈಗಾಗಲೇ ಅಲ್ಲಿರುವವರು. (ಎರಡು ಕಡೆಯ ನೀಲಿ ಒಂದೇ ಅಲ್ಲ. ಯುರೋಪಿನಲ್ಲಿ ನೀಲಿ ಎಂದರೆ ಸುಲಭ, ಅಮೆರಿಕದಲ್ಲಿ ಮಧ್ಯಮ. ನಿಮ್ಮ ಮಟ್ಟವನ್ನು ಅಂಗಡಿಯಲ್ಲಿ ಹೇಳುವಾಗ ಯಾವ ಕಡೆಯ ಬಣ್ಣ ಎಂದೂ ಹೇಳಿ.) ತಿರುವಿನಲ್ಲಿ ಸ್ಕೀಗಳು ಇನ್ನೂ ವಿ ಆಕಾರಕ್ಕೆ ಬರುತ್ತಿದ್ದರೆ ಈ ವರ್ಗಕ್ಕೆ ಆತುರ ಬೇಡ.

ನಾಲ್ಕು ತೀರ್ಮಾನಗಳಿವೆ, ಅವುಗಳಿಗೊಂದು ಕ್ರಮವೂ ಇದೆ. ಹಿಮ ನೋಡಿ ನಡುವಿನ ಅಗಲ, ತೂಕ ಮತ್ತು ವೇಗ ನೋಡಿ ಗಟ್ಟಿತನ, ಆಮೇಲೆ ಉದ್ದ, ಕೊನೆಗೆ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್. ಉದ್ದದಿಂದ ಶುರು ಮಾಡಿದರೆ ಉಳಿದದ್ದೆಲ್ಲ ಅಡ್ಡಾದಿಡ್ಡಿಯಾಗುತ್ತದೆ.

ನಡುವಿನ ಅಗಲ

ಸ್ಕೀಯ ಮೇಲೆ ಅಚ್ಚಾದ 127-88-110ರಂಥ ಮೂರು ಅಂಕಿಗಳು ಮುಂಭಾಗ, ನಡು, ಬಾಲ, ಈ ಮೂರು ಕಡೆಯ ಅಗಲವನ್ನು ಮಿಲಿಮೀಟರಿನಲ್ಲಿ ಹೇಳುತ್ತವೆ. ನಡುವಿನ ಅಂಕಿ ಬೂಟಿನ ಕೆಳಗೆ ಬರುವ ಅಗಲ. 80ಕ್ಕಿಂತ ಕಡಿಮೆ ಇದ್ದರೆ ಅದು ಹದ ಮಾಡಿದ ಇಳಿಜಾರಿನಲ್ಲಿ ಜಾರದೆ ಅಂಚಿನ ಮೇಲೇ ತಿರುಗಲು ಮಾಡಿದ ಕಾರ್ವಿಂಗ್ ಸ್ಕೀ, 105ರಿಂದ ಆಚೆಗೆ ಪೌಡರ್ ಸ್ಕೀ. ನಡುವೆ ಉಳಿದದ್ದು ಆಲ್-ಮೌಂಟನ್. ಆ ಇಪ್ಪತ್ತೈದು ಮಿಲಿಮೀಟರಿನೊಳಗೇ ಸ್ವಭಾವ ಪೂರ್ತಿ ಬದಲಾಗಿಬಿಡುತ್ತದೆ.

ಕಾರಣ ಸರಳ. ಗಟ್ಟಿ ಹಿಮದ ಮೇಲೆ ಸ್ಕೀಯನ್ನು ಓರೆ ಮಾಡಿದಾಗ ಭಾರವೆಲ್ಲ ಒಂದೇ ಅಂಚಿನ ಮೇಲೆ ನಿಲ್ಲುತ್ತದೆ. ಆ ಅಂಚು ಪಾದದ ಮಧ್ಯರೇಖೆಯಿಂದ ಎಷ್ಟು ದೂರವೋ, ಸ್ಕೀಯನ್ನು ಮತ್ತೆ ಚಪ್ಪಟೆ ಮಲಗಿಸಲು ಹಿಮಕ್ಕೆ ಅಷ್ಟು ಉದ್ದದ ಸನ್ನೆಕೋಲು ಸಿಕ್ಕಂತೆ. 84 ಮಿ.ಮೀ. ಸ್ಕೀಯಲ್ಲಿ ಆ ದೂರ 42, 100ರಲ್ಲಿ 50. ಎಂಟು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ಅದನ್ನು ತಡೆಯುವ ಕೆಲಸ ಕಣಕಾಲು, ಮೊಣಕಾಲುಗಳದ್ದು, ಅದೂ ಪ್ರತಿ ತಿರುವಿನಲ್ಲಿ. ಅಗಲದ ಸ್ಕೀಯಲ್ಲಿ ದಿನವಿಡೀ ಗಟ್ಟಿ ಹಿಮದ ಮೇಲಿದ್ದವರಿಗೆ ಸಂಜೆ ಮೊಣಕಾಲಿನ ಒಳಬದಿ ನೋಯುವುದು ಇದರಿಂದಲೇ. ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಲೂ ಅಗಲದ ಸ್ಕೀ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ.

ಇನ್ನೊಂದು ಪಕ್ಕದಲ್ಲಿ ತೇಲುವಿಕೆ. 88ರಿಂದ 98ಕ್ಕೆ ಹೋದರೆ ತಳದ ವಿಸ್ತೀರ್ಣ ಸುಮಾರು ಹತ್ತನೇ ಒಂದು ಪಾಲು ಹೆಚ್ಚುತ್ತದೆ. ಅದೇ ಸ್ಕೀಯನ್ನು 5 ಸೆಂ.ಮೀ. ಉದ್ದ ಮಾಡಿದರೆ ಸಿಗುವುದು ನೂರಕ್ಕೆ ಮೂರು ಪಾಲು, ಅಷ್ಟೂ ಇಲ್ಲ. ಮೆತ್ತನೆ ಹಿಮಕ್ಕೆ ಬೇಕಾದ ತೇಲುವಿಕೆ ಬರುವುದು ಅಗಲದಿಂದ, ಮೂತಿಯ ಆಕಾರದಿಂದ. ಅದಕ್ಕಾಗಿ ಉದ್ದ ಹೆಚ್ಚಿಸುವುದು ದಂಡ.

ಹಾಗಾಗಿ ಚೀಟಿಯ ಲೆಕ್ಕ ಹೀಗೆ ಓದಿಕೊಳ್ಳಿ. ಹತ್ತರಲ್ಲಿ ಏಳೆಂಟು ದಿನ ಗಟ್ಟಿ ಇಳಿಜಾರಿನಲ್ಲೇ ಕಳೆದಿದ್ದರೆ 84ರಿಂದ 90. ಅರ್ಧ ಗಟ್ಟಿ, ಅರ್ಧ ಕಲಸಿದ ಮತ್ತು ಮೆತ್ತನೆ ಹಿಮವಾಗಿದ್ದರೆ 92ರಿಂದ 98. ಹೆಚ್ಚು ಹೊತ್ತು ಹದ ಮಾಡದ ಕಡೆಯೇ, ಮರಗಳ ನಡುವೆಯೇ ಇರುವವರಿಗೆ 99ರಿಂದ 104. ಪ್ರದೇಶವೂ ಮುಖ್ಯ. ಅಮೆರಿಕದ ಈಶಾನ್ಯದ ವರ್ಮಾಂಟ್ ಕಡೆ ಗಾಜಿನಂಥ ಗಟ್ಟಿ ಹಿಮ ಮಾಮೂಲು, ಅಲ್ಲಿ 88ರ ಆಚೆ ಹೋಗಲು ಗಟ್ಟಿ ಕಾರಣ ಬೇಕು. ಯೂಟಾದ ಒಣ, ಹಗುರ ಹಿಮದಲ್ಲಿ, ಜಪಾನಿನ ಹೊಕ್ಕೈಡೊದ ಪದೇ ಪದೇ ಬೀಳುವ ಹಿಮದಲ್ಲಿ 100ರ ಸುತ್ತಮುತ್ತ ಇರುವ ಸ್ಕೀಯೇ ದಿನಬಳಕೆಯದು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾದ ಒದ್ದೆ ಭಾರದ ಹಿಮಕ್ಕೆ ಅಗಲದ ಜೊತೆ ತೂಕವೂ ಬೇಕು, ಹಗುರ ಸ್ಕೀಯನ್ನು ಅದು ಅತ್ತಿತ್ತ ಎಳೆದಾಡುತ್ತದೆ. ಎರಡು ಅಗಲಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಕಡಿಮೆ ಅಗಲದ್ದನ್ನು ತೆಗೆದುಕೊಳ್ಳಿ. 88ರ ಸ್ಕೀಯಲ್ಲಿ ಒಂದು ಅಡಿ ಹೊಸ ಹಿಮದಲ್ಲೂ ಖುಷಿಯಾಗಿ ಇಳಿಯಬಹುದು. 104ರ ಸ್ಕೀಯಲ್ಲಿ ಮಂಜುಗಟ್ಟಿದ ಇಳಿಜಾರು ಖುಷಿ ಕೊಡುವುದಿಲ್ಲ.

ಒಳಗೆ ಲೋಹ ಬೇಕೇ

ಒಂದೇ ಅಗಲದ ಎರಡು ಸ್ಕೀಗಳು ಹಗಲು ರಾತ್ರಿಯಷ್ಟು ಬೇರೆಯಾಗಿರಬಹುದು. ಅಂಗಡಿಯ ಗೋಡೆಯ ಮೇಲೆ ಸಾಲಾಗಿ ನಿಂತಾಗ ಈ ವ್ಯತ್ಯಾಸ ಕಾಣುವುದಿಲ್ಲ. ಎಲ್ಲರೂ ಅಗಲದ ಅಂಕಿ ಓದಿ ಮುಂದೆ ಹೋಗುತ್ತಾರೆ, ತಪ್ಪು ಸ್ಕೀ ಮನೆಗೆ ಬರುವುದು ಅಲ್ಲೇ.

ಸ್ಕೀಯ ಒಡಲು ಮರದ್ದು: ಪಾಪ್ಲರ್, ಬೀಚ್, ಆಶ್‌ನಂಥ ಮರಗಳ ಪಟ್ಟಿಗಳನ್ನು ಅಂಟಿಸಿ ಮಾಡಿದ್ದು. ಹಗುರ ಬೇಕಾದಲ್ಲಿ ಪೌಲೋನಿಯಾ ಅಥವಾ ಕರುಬಾ ಬೆರೆಸುತ್ತಾರೆ. ಅದರ ಮೇಲೆ ಕೆಳಗೆ ಫೈಬರ್‌ಗ್ಲಾಸ್. ಭಾರದ ಸ್ಕೀಗಳಲ್ಲಿ ಇದರ ಜೊತೆ ಟೈಟನಾಲ್ ಹಾಳೆಗಳಿರುತ್ತವೆ. ಹೆಸರು ಕೇಳಿ ಟೈಟಾನಿಯಂ ಅಂದುಕೊಳ್ಳಬೇಡಿ, ಇದು ಅಲ್ಯೂಮಿನಿಯಂ ಮಿಶ್ರಲೋಹ, ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಆ ತೆಳ್ಳನೆ ಹಾಳೆ ಎರಡು ಕೆಲಸ ಮಾಡುತ್ತದೆ: ಸ್ಕೀ ತಿರುಚಿಕೊಳ್ಳದಂತೆ ಹಿಡಿಯುತ್ತದೆ, ಕಂಪನವನ್ನು ನುಂಗುತ್ತದೆ. ವೇಗದಲ್ಲಿ ಮೂತಿ ಪಟಪಟ ಬಡಿಯದೆ ಹಿಮಕ್ಕೆ ಅಂಟಿಕೊಂಡಿರುವುದು ಇದರಿಂದ.

ಇದಕ್ಕೆ ಬೆಲೆ ತೆರಬೇಕು. 180 ಸೆಂ.ಮೀ. ಆಸುಪಾಸಿನ, ಎರಡು ಹಾಳೆ ಟೈಟನಾಲ್ ಇರುವ ಸ್ಕೀ ಒಂದೊಂದೂ 2,000 ಗ್ರಾಂ ಸುತ್ತಮುತ್ತ ತೂಗುತ್ತದೆ. ಲೋಹವಿಲ್ಲದ ಹಗುರದ್ದು 1,600ರಿಂದ 1,750 ಗ್ರಾಂ. ಭಾರದ ಸ್ಕೀಯನ್ನು ಬಗ್ಗಿಸಲು ವೇಗ ಬೇಕು, ಇಲ್ಲವೇ ದೇಹತೂಕ ಬೇಕು. ಎರಡೂ ಇಲ್ಲದೆ ಮೊಗಲ್‌ಗಳಲ್ಲಿ ನಿಧಾನ ಇಳಿಯುವವರಿಗೆ ಅದು ಹಲಗೆಯಂತೆ ನೇರ ಹೋಗುತ್ತದೆ. ಗಟ್ಟಿ ಬಾಲವಂತೂ ಒಂದು ತಪ್ಪನ್ನೂ ಕ್ಷಮಿಸುವುದಿಲ್ಲ. ಭಾರ ಹಿಮ್ಮಡಿಗೆ ಸರಿದ ಗಳಿಗೆಯಲ್ಲಿ ಸ್ಕೀ ನಿಮ್ಮನ್ನು ಬಿಟ್ಟು ಮುಂದೆ ಓಡುತ್ತದೆ.

ಹಾಗೆಂದು ಲೋಹ ಎಂದರೆ ಪರಿಣತರಿಗೆ, ಲೋಹವಿಲ್ಲ ಎಂದರೆ ಕಲಿಯುವವರಿಗೆ ಎಂದು ಗೆರೆ ಎಳೆಯಲಾಗದು. 95 ಕಿಲೋ ತೂಗುವ ಮಧ್ಯಮ ಮಟ್ಟದವರು ಹಗುರ ಸ್ಕೀಯನ್ನು ಸುಲಭವಾಗಿ ಮಿತಿಮೀರಿ ಬಗ್ಗಿಸಿಬಿಡುತ್ತಾರೆ, ಅವರಿಗೆ ಒಂದಿಷ್ಟು ಲೋಹ ಬೇಕೇ ಬೇಕು. 55 ಕಿಲೋ ತೂಗುವ ನುರಿತವರು ಎರಡು ಹಾಳೆಯ ಸ್ಕೀಯಲ್ಲಿ ದಣಿಯಬಹುದು. ಜೊತೆಗೆ ಈಚಿನ ವರ್ಷಗಳಲ್ಲಿ ತಯಾರಕರು ಇಡೀ ಹಾಳೆಯ ಬದಲು ಕತ್ತರಿಸಿದ ಆಕಾರ ಇಡುತ್ತಿದ್ದಾರೆ. ಫೋಲ್ಕ್‌ಲ್ ಕಂಪನಿಯ ಮಂತ್ರ ಸ್ಕೀ, ಎಂ5 ಮಾದರಿಯಿಂದೀಚೆಗೆ, ಚೌಕಟ್ಟಿನಂತೆ ಅಂಚುಗಳ ಗುಂಟ ಲೋಹ ಇಟ್ಟು ನಡುವೆ ಬಿಡುತ್ತದೆ. ಕೆ2 ಕಂಪನಿಯ ಮೈಂಡ್‌ಬೆಂಡರ್‌ನ ಟಿಐ (ಟೈಟನಾಲ್ ಇರುವ) ಮಾದರಿಗಳಲ್ಲಿ ಲೋಹ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿದೆ: ಮುಂದೆ ಅಂಚುಗಳ ಮೇಲೆ, ಬಾಲದತ್ತ ನಡುವಿಗೆ ಸರಿದು. ಮುಂಭಾಗದಲ್ಲಿ ಹಿಡಿತ, ಬಾಲದಲ್ಲಿ ಸಡಿಲ. ಮಧ್ಯಮದಿಂದ ಮುಂದುವರಿದ ಮಟ್ಟಕ್ಕೆ ಏರುತ್ತಿರುವವರಿಗೆ ನಮ್ಮ ಮೊದಲ ಸಲಹೆ ಈ ಬಗೆಯ ಭಾಗಶಃ ಲೋಹದ ಸ್ಕೀಯೇ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ: ಸ್ಕೀಯ ಬಾಲವನ್ನು ನೆಲಕ್ಕೆ ಊರಿ, ಮೂತಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಅಂಗೈಯಿಂದ ನಡುವನ್ನು ಒತ್ತಿ. ಮೂತಿಗಿಂತ ಬಾಲ ತುಂಬ ಗಟ್ಟಿ ಇದೆಯೇ ನೋಡಿ. ಆಮೇಲೆ ಮೂತಿಯನ್ನು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ. ಸುಲಭವಾಗಿ ತಿರುಚಿಕೊಂಡರೆ ಗಟ್ಟಿ ಹಿಮದಲ್ಲಿ ಮುಂಭಾಗದ ಅಂಚು ಜಾರುತ್ತದೆ, ಮೊಗಲ್‌ಗಳಲ್ಲಿ ಮಾತ್ರ ಅದೇ ಗುಣ ಹಿತ. ಒಂದು ಸ್ಕೀ ಒತ್ತಿದರೆ ಏನೂ ತಿಳಿಯದು. ನಾಲ್ಕೈದನ್ನು ಒಂದರ ಹಿಂದೊಂದು ಒತ್ತಿದರೆ ಕೈಗೇ ಗೊತ್ತಾಗುತ್ತದೆ.

ಮಾದರಿಗಳನ್ನು ಎದುರುಬದುರು ಇಟ್ಟರೆ

ಹೆಸರುಗಳು ನಾಲ್ಕೈದು ವರ್ಷಕ್ಕೊಮ್ಮೆ ಬದಲಾಗುತ್ತವೆ. ಬ್ಲಿಜಾರ್ಡ್‌ನ ಬ್ರಹ್ಮ, ಬೋನಾಫೈಡ್ ಎಂಬ ಹೆಸರುಗಳು 2024-25ರ ಸೀಸನ್ನಿನಲ್ಲಿ ಅನಾಮಲಿ 88, 94, 102 ಸಾಲಿಗೆ ಜಾಗ ಬಿಟ್ಟವು. ಹಳೆಯ ಹೆಸರಿನ ಸ್ಕೀಗಳು ರಿಯಾಯಿತಿಯಲ್ಲೂ ಬಳಸಿದವರ ಕೈಯಲ್ಲೂ ಧಾರಾಳ ಸಿಗುತ್ತವೆ, ಆದ್ದರಿಂದ ಇಲ್ಲಿ ಅವನ್ನೂ ಸೇರಿಸಿದ್ದೇವೆ. ಮಾದರಿಗಿಂತ ಅದರ ಜಾತಿ ಗುರುತಿಸುವುದನ್ನು ಕಲಿತರೆ ಹೆಸರು ಬದಲಾದರೂ ತೊಂದರೆಯಿಲ್ಲ.

ಮೊದಲ ಜಾತಿ, 88ರ ಆಸುಪಾಸಿನ ಲೋಹದ ಸ್ಕೀ: ಬ್ಲಿಜಾರ್ಡ್ ಬ್ರಹ್ಮ 88, ಫೋಲ್ಕ್‌ಲ್ ಕೆಂಡೊ 88, ಸ್ಟೋಕ್ಲಿ ಸ್ಟಾರ್ಮ್‌ರೈಡರ್ 88, ಮೈಂಡ್‌ಬೆಂಡರ್ 89 ಟಿಐ. ಬೆಳಗಿನ ಹದ ಮಾಡಿದ ಇಳಿಜಾರಿನಲ್ಲಿ ಕಾರ್ವಿಂಗ್ ಸ್ಕೀಗೆ ಹತ್ತಿರದ ಹಿಡಿತ, ಮಧ್ಯಾಹ್ನದ ಗಡ್ಡೆಗಟ್ಟಿದ ಹಿಮದಲ್ಲಿ ನೇರ ನುಗ್ಗುವ ಬಲ. ಇವುಗಳಲ್ಲಿ ಬ್ರಹ್ಮ ಹೆಚ್ಚು ಒರಟು, ವೇಗ ಕೊಟ್ಟಷ್ಟೂ ಚೆನ್ನ. ಕೆಂಡೊ ಚಿಕ್ಕ ತಿರುವಿಗೂ ದೊಡ್ಡ ತಿರುವಿಗೂ ಒಗ್ಗುತ್ತದೆ. ಅದರ ಅಂಚಿನ ವಕ್ರತೆ ಉದ್ದಕ್ಕೂ ಒಂದೇ ಅಲ್ಲ, ಮೂತಿ ಮತ್ತು ಬಾಲದಲ್ಲಿ ದೊಡ್ಡ ತ್ರಿಜ್ಯ, ಪಾದದ ಕೆಳಗೆ ಚಿಕ್ಕದು. ಹೆಚ್ಚು ಓರೆ ಮಾಡಿದರೆ ಚಿಕ್ಕ ತಿರುವು ಬರುತ್ತದೆ. ಈ ನಾಲ್ಕರಲ್ಲಿ ಮಧ್ಯಮ ಮಟ್ಟದವರಿಗೆ ಮೈಂಡ್‌ಬೆಂಡರ್ ಸಲೀಸು.

ಎರಡನೆಯದು 94ರಿಂದ 100ರ ಲೋಹದ ಸ್ಕೀ: ನಾರ್ಡಿಕಾ ಎನ್‌ಫೋರ್ಸರ್ 94 ಮತ್ತು 100, ಮಂತ್ರ ಎಂ5 ಹಾಗೂ ಎಂ6 (ಎರಡರದೂ ನಡು 96), ಬೋನಾಫೈಡ್ 97. ಒಂದೇ ಜೊತೆ ಸ್ಕೀ ಇಟ್ಟುಕೊಳ್ಳುವ ಮುಂದುವರಿದ ಮಟ್ಟದವರಿಗೆ, ಮುಖ್ಯವಾಗಿ 75 ಕಿಲೋ ಮೇಲಿನವರಿಗೆ, ಇದೇ ಗಟ್ಟಿ ಆಯ್ಕೆ. ಎನ್‌ಫೋರ್ಸರ್‌ನಲ್ಲಿ ಎರಡು ಹಾಳೆ ಲೋಹವಿದ್ದರೂ ಮೂತಿ ಮೇಲೆದ್ದಿರುವುದರಿಂದ ತಿರುವಿಗೆ ಸುಲಭವಾಗಿ ಹೊರಳುತ್ತದೆ. ಮಂತ್ರ ಅದಕ್ಕಿಂತ ಚುರುಕು, ಆದರೆ ಸವಾರನಿಂದ ಹೆಚ್ಚು ಕೇಳುತ್ತದೆ. ಸೋಮಾರಿಯಾಗಿ ನಿಂತರೆ ಬಾಲ ಪೆಟ್ಟು ಕೊಡುತ್ತದೆ.

ಮೂರನೆಯದು ಅದೇ ಅಗಲದ ಹಗುರ ಸ್ಕೀ: ಎಲಾನ್ ರಿಪ್‌ಸ್ಟಿಕ್ 96, ಹೆಡ್ ಕೋರ್ 93. ರಿಪ್‌ಸ್ಟಿಕ್‌ನಲ್ಲಿ ಎಡ ಬಲ ಬೇರೆ ಬೇರೆ. ಒಳ ಅಂಚು ಹಿಡಿತಕ್ಕೆ, ಹೊರ ಅಂಚು ಸಲೀಸಾಗಿ ಬಿಡಿಸಿಕೊಳ್ಳಲು. ಅದಲುಬದಲು ಹಾಕಿಕೊಂಡರೆ ಅರ್ಧ ಗುಣ ಹೋಯಿತು, ಲಿಫ್ಟ್‌ನಿಂದ ಇಳಿದ ಮೇಲೆ ಒಮ್ಮೆ ಕೆಳಗೆ ನೋಡಿಕೊಳ್ಳುವುದು ಒಳ್ಳೆಯದು. ಮರಗಳ ನಡುವೆ, ಮೊಗಲ್‌ಗಳಲ್ಲಿ, ಹೊಸ ಹಿಮದಲ್ಲಿ ಈ ಜಾತಿ ಕಾಲಿಗೆ ಭಾರವೇ ಅನ್ನಿಸುವುದಿಲ್ಲ. ತುಳಿದು ಗಟ್ಟಿಯಾದ ಉಂಡೆಗಳ ಮೇಲೆ ವೇಗವಾಗಿ ಹೋದಾಗ ಮಾತ್ರ ಮೂತಿ ಅತ್ತಿತ್ತ ಹಾರುತ್ತದೆ. ಸಲೋಮನ್ ಕ್ಯೂಎಸ್‌ಟಿ 98 ಎರಡನೆಯ ಮತ್ತು ಮೂರನೆಯ ಜಾತಿಗಳ ನಡುವಿನದು. ಪೂರ್ತಿ ಲೋಹದ ಹಾಳೆಯಿಲ್ಲ, ಆದರೆ ತೀರ ಹಗುರವೂ ಅಲ್ಲ. ಬಾಲವೂ ಸ್ವಲ್ಪ ಮೇಲೆದ್ದಿರುವುದರಿಂದ ತಿರುವಿನ ಕೊನೆಯಲ್ಲಿ ಜಾರಿಸಿ ಬಿಡಲು ಸುಲಭ.

ನಾಲ್ಕನೆಯದು 100 ದಾಟಿ ಪೌಡರ್ ಸ್ಕೀಯ ಗಡಿಯಲ್ಲಿರುವವು, ಎನ್‌ಫೋರ್ಸರ್ 104, ರಿಪ್‌ಸ್ಟಿಕ್ 106, ಕ್ಯೂಎಸ್‌ಟಿ 106. ಮನೆಯಲ್ಲಿ ಇನ್ನೊಂದು ಕಿರಿದಾದ ಜೊತೆ ಇದ್ದರೆ ಇವು ಚೆಂದ. ಒಂದೇ ಜೊತೆ ಎಂದಾದರೆ ಚೀಟಿಯನ್ನು ಇನ್ನೊಮ್ಮೆ ನೋಡಿ.

ಮಹಿಳೆಯರ ಸ್ಕೀ ಎಂದು ಮಾರುವ ಹಲವು ಮಾದರಿಗಳು ಪುರುಷರ ಮಾದರಿಯ ಜೋಡಿಯೇ: ಉದ್ದ ಕಡಿಮೆ, ಕೆಲವು ಸಲ ಒಡಲು ಹಗುರ, ಬೈಂಡಿಂಗ್ ಕೂರಿಸುವ ಗುರುತು ತುಸು ಮುಂದೆ. ನಾರ್ಡಿಕಾ ಸಾಂತಾ ಆನಾ ಎನ್‌ಫೋರ್ಸರ್‌ನ ಜೋಡಿ, ಎರಡು ಲೋಹದ ಹಾಳೆಯ ಬದಲು ಒಂದು. ಫೋಲ್ಕ್‌ಲ್ ಸೀಕ್ರೆಟ್ 96 ಮಂತ್ರದ ಜೋಡಿ. ತೂಕ ಮತ್ತು ವೇಗ ನೋಡಿ ಯಾರು ಯಾವುದನ್ನಾದರೂ ಕೊಳ್ಳಬಹುದು. 62 ಕಿಲೋ ತೂಗುವ ಗಂಡಸಿಗೆ ಸಾಂತಾ ಆನಾ ಎನ್‌ಫೋರ್ಸರ್‌ಗಿಂತ ಚೆನ್ನಾಗಿ ಒಗ್ಗೀತು. ಮೇಲಿನ ಬಣ್ಣಕ್ಕೆ ಹಿಮ ಸೊಪ್ಪು ಹಾಕುವುದಿಲ್ಲ.

ರಾಕರ್, ಕ್ಯಾಂಬರ್, ತ್ರಿಜ್ಯ

ಸ್ಕೀಯನ್ನು ಸಮತಟ್ಟು ನೆಲದ ಮೇಲಿಟ್ಟರೆ ನಡು ಕಮಾನಿನಂತೆ ಮೇಲೆದ್ದಿರುವುದು ಕ್ಯಾಂಬರ್. ನಿಂತಾಗ ಅದು ಚಪ್ಪಟೆಯಾಗಿ ಮೂತಿ, ಬಾಲಗಳನ್ನು ಹಿಮಕ್ಕೆ ಒತ್ತುತ್ತದೆ, ಹಿಡಿತ ಬರುವುದು ಅಲ್ಲಿಂದ. ರಾಕರ್ ಎಂದರೆ ಮೂತಿ ಅಥವಾ ಬಾಲ ಬೇಗನೆ ನೆಲ ಬಿಟ್ಟು ಮೇಲೇಳುವುದು. ಆಲ್-ಮೌಂಟನ್ ಸ್ಕೀಗಳೆಲ್ಲ ಇವೆರಡರ ಮಿಶ್ರಣ. ಮಧ್ಯಮ ಮಟ್ಟಕ್ಕೂ ಮುಂದುವರಿದವರಿಗೂ ಸರಿಹೋಗುವುದು ಮೂತಿಯಲ್ಲಿ ರಾಕರ್, ಪಾದದ ಕೆಳಗೆ ಕ್ಯಾಂಬರ್, ಬಾಲದಲ್ಲಿ ಅಲ್ಪ ರಾಕರ್. ಬಾಲ ಪೂರ್ತಿ ಚಪ್ಪಟೆಯಾಗಿದ್ದರೆ ತಿರುವಿನ ಕೊನೆಯವರೆಗೂ ಹಿಡಿದಿರುತ್ತದೆ, ಬಿಡಿಸಿಕೊಳ್ಳಲು ಶ್ರಮ. ತುಂಬ ಮೇಲೆದ್ದಿದ್ದರೆ ಗಟ್ಟಿ ಹಿಮದಲ್ಲಿ ತಿರುವು ಮುಗಿಯುವ ಮೊದಲೇ ಜಾರುತ್ತದೆ.

ತ್ರಿಜ್ಯದ ಅಂಕಿಯನ್ನು ಜನ ತಪ್ಪಾಗಿ ಓದುತ್ತಾರೆ. 17 ಮೀ. ಎಂದು ಬರೆದಿದ್ದರೆ ಅದು ಅಂಚಿನ ವಕ್ರತೆ, ನೀವು ತಿರುಗುವ ವೃತ್ತದ ಅಳತೆ ಅಲ್ಲ. ಸ್ಕೀ ಓರೆಯಾದಷ್ಟೂ ವೃತ್ತ ಚಿಕ್ಕದಾಗುತ್ತದೆ: ಶುದ್ಧ ಕಾರ್ವಿಂಗ್‌ನಲ್ಲಿ 45 ಡಿಗ್ರಿಗೆ ಸುಮಾರು 12 ಮೀ., 60 ಡಿಗ್ರಿಗೆ ಎಂಟೂವರೆ. ಹೆಚ್ಚು ಓರೆ ಮಾಡಲು ಇನ್ನೂ ಧೈರ್ಯ ಸಾಲದವರು 15–17ರ ಸ್ಕೀ ಹುಡುಕಿ, ವೇಗದ ದೊಡ್ಡ ತಿರುವು ಇಷ್ಟಪಡುವವರು 18–20. ಒಂದೇ ಮಾದರಿಯಲ್ಲಿ ಉದ್ದ ಬದಲಾದರೆ ತ್ರಿಜ್ಯವೂ ಬದಲಾಗುತ್ತದೆ, ನೀವು ಕೊಳ್ಳುವ ಉದ್ದಕ್ಕೆ ಅಚ್ಚಾದ ಅಂಕಿಯನ್ನೇ ನೋಡಿ.

ಉದ್ದ

‘ಗಲ್ಲದಿಂದ ನೆತ್ತಿಯವರೆಗೆ’ ಎಂಬ ಹಳೆಯ ಮಾತು ಶುರುವಿಗೆ ಸಾಕು, ಅದಕ್ಕಿಂತ ಹೆಚ್ಚಲ್ಲ. ಸ್ಕೀಗೆ ನಿಮ್ಮ ಎತ್ತರ ಗೊತ್ತಿಲ್ಲ, ತೂಕ ಗೊತ್ತು. ಬಾಗುವುದು ತೂಕಕ್ಕೆ. 88ರಿಂದ 98ರ ಲೋಹದ ಸ್ಕೀಗೆ, ಮುಂದುವರಿದ ಮಟ್ಟದವರಿಗೆ ನಾವು ಹೇಳುವ ಅಂದಾಜು: 165 ಸೆಂ.ಮೀ. ಎತ್ತರ, 60 ಕಿಲೋ ಇದ್ದರೆ 163–168. 175 ಸೆಂ.ಮೀ., 75 ಕಿಲೋ ಇದ್ದರೆ 172–178. 185 ಸೆಂ.ಮೀ., 90 ಕಿಲೋ ಇದ್ದರೆ 182–187. ಮಧ್ಯಮ ಮಟ್ಟದವರು ಇದರಿಂದ ಸುಮಾರು 5 ಸೆಂ.ಮೀ. ಕಳೆಯಿರಿ. ಮೂತಿ ಬಾಲ ಎರಡೂ ಚೆನ್ನಾಗಿ ಮೇಲೆದ್ದ ಹಗುರ ಸ್ಕೀಯಾದರೆ 4–5 ಸೆಂ.ಮೀ. ಸೇರಿಸಿ, ಏಕೆಂದರೆ ಹಿಮಕ್ಕೆ ತಾಗುವ ಅಂಚು ಅಲ್ಲಿ ಅಷ್ಟು ಕಡಿಮೆ.

ಒಂದು ಕಂಪನಿಯ 180 ಇನ್ನೊಂದರ 180ಕ್ಕೆ ಸಮ ಎಂದು ನಂಬಬೇಡಿ. ಕೆಲವರು ಬಾಗುವ ಮುನ್ನಿನ ಉದ್ದ ಬರೆಯುತ್ತಾರೆ, ಕೆಲವರು ತಯಾರಾದ ಸ್ಕೀಯ ನೇರ ಅಳತೆ. ಎರಡು ಸೆಂ.ಮೀ. ವ್ಯತ್ಯಾಸ ಸಾಮಾನ್ಯ. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿಬಿಡಿ.

ಎರಡು ಉದ್ದಗಳ ನಡುವೆ ಸಿಕ್ಕಿಕೊಂಡರೆ? ಮೊಗಲ್, ಮರಗಳು ಹೆಚ್ಚೆಂದರೆ ಚಿಕ್ಕದು. ವೇಗ, ಬಯಲು ಹೆಚ್ಚೆಂದರೆ ದೊಡ್ಡದು. ‘ಮುಂದೆ ಬೆಳೆಯುತ್ತೀರಿ’ ಎಂದು ಮಾರುವವರು ಉದ್ದದ್ದನ್ನು ಮುಂದೆ ತಳ್ಳಿದರೆ ಕೇಳಬೇಡಿ, ಇವತ್ತಿನ ಮಟ್ಟಕ್ಕೆ ಕೊಳ್ಳಿ.

ಬೂಟು ಮತ್ತು ಬೈಂಡಿಂಗ್

ಬೂಟು ಸಡಿಲವಿದ್ದರೆ ಯಾವ ಸ್ಕೀಯೂ ಮಾತು ಕೇಳದು. ಬೂಟು ಹಳತಾಗಿ ಹಿಮ್ಮಡಿ ಮೇಲೇಳುತ್ತಿದ್ದರೆ ಈ ವರ್ಷ ಬೂಟು, ಮುಂದಿನ ವರ್ಷ ಸ್ಕೀ. ಲೋಹದ 95ರ ಸ್ಕೀಗೆ 80 ಫ್ಲೆಕ್ಸ್‌ನ (ಫ್ಲೆಕ್ಸ್ ಎಂದರೆ ಬೂಟಿನ ಗಟ್ಟಿತನದ ಅಂಕಿ) ಮೆತ್ತನೆ ಬೂಟು ಸಾಲದು, ಗಂಡಸರಿಗೆ 100–110, ಹೆಂಗಸರಿಗೆ 90ರ ಮೇಲೆ ಇರಲಿ. ಫ್ಲೆಕ್ಸ್ ಅಂಕಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆಗೋಲಿಲ್ಲ, ಒಬ್ಬರ 110 ಇನ್ನೊಬ್ಬರ 100 ಆಗಿರಬಹುದು.

ಬೂಟಿನ ಅಡಿ ಯಾವ ಬಗೆಯದು ನೋಡಿ. ಸಾಂಪ್ರದಾಯಿಕ ಆಲ್ಪೈನ್ ಅಡಿಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 5355, ನಡೆಯಲು ಸುಲಭವಾದ ಗ್ರಿಪ್‌ವಾಕ್ ಅಡಿಯದು ಐಎಸ್‌ಒ 23223. ಗ್ರಿಪ್‌ವಾಕ್ ಗುರುತಿಲ್ಲದ ಹಳೆಯ ಬೈಂಡಿಂಗ್‌ಗೆ ಗ್ರಿಪ್‌ವಾಕ್ ಬೂಟು ಹಾಕಿದರೆ ಕ್ಲಿಕ್ ಎಂದು ಕೂತಂತೆ ಕಂಡರೂ ಬಿದ್ದಾಗ ಸರಿಯಾಗಿ ಬಿಡಿಸಿಕೊಳ್ಳದೆ ಹೋಗಬಹುದು. ಮೊಣಕಾಲಿನ ಪ್ರಶ್ನೆ ಇದು.

ಬೈಂಡಿಂಗ್‌ನಲ್ಲಿ, ಕಳಚಿದ ಸ್ಕೀ ಜಾರಿಹೋಗದಂತೆ ತಡೆಯುವ ಬ್ರೇಕಿನ ಅಗಲ ಸ್ಕೀಯ ನಡುವಿನಷ್ಟೇ ಇರಲಿ, ಹೆಚ್ಚಾದರೆ 10–15 ಮಿ.ಮೀ. ಒಳಗೆ. 96ರ ಸ್ಕೀಗೆ 100 ಅಥವಾ 110ರ ಬ್ರೇಕು. ಕಿರಿದಾದರೆ ಬ್ರೇಕು ಕೆಳಗಿಳಿಯದೆ ಸ್ಕೀ ಒಂಟಿಯಾಗಿ ಗುಡ್ಡ ಇಳಿಯುತ್ತದೆ. ತೀರ ಅಗಲವಾದರೆ ಓರೆ ಮಾಡಿದಾಗ ಹಿಮಕ್ಕೆ ತಗಲುತ್ತದೆ.

ಬಿಡುಗಡೆಯ ಅಂಕಿ (ಎಷ್ಟು ಬಲ ಬಿದ್ದಾಗ ಬೈಂಡಿಂಗ್ ಬೂಟನ್ನು ಬಿಡಬೇಕು ಎಂಬುದು), ಎಲ್ಲರೂ ಡಿನ್ ಎನ್ನುವುದು, ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಮತ್ತು ಸ್ಕೀ ಮಾಡುವ ರೀತಿ, ಈ ಐದರಿಂದ ಐಎಸ್‌ಒ 11088ರ ಕೋಷ್ಟಕದಲ್ಲಿ ಬರುತ್ತದೆ. ಬೂಟಿನ ಅಡಿಯ ಉದ್ದ ಹಿಮ್ಮಡಿಯ ಪಕ್ಕದಲ್ಲಿ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತದೆ. ಗೆಳೆಯನ ಅಂಕಿ ನಿಮಗಲ್ಲ, ಜಂಬಕ್ಕೆ ಏರಿಸುವ ಅಂಕಿಯೂ ಅಲ್ಲ. ನಿಮ್ಮ ಅಂಕಿ ಬೈಂಡಿಂಗ್‌ನ ವ್ಯಾಪ್ತಿಯ ಮಧ್ಯದಲ್ಲಿ ಬೀಳುವಂತೆ ಆರಿಸಿ. 6 ಬೇಕಾದವರಿಗೆ 3ರಿಂದ 10 ಅಥವಾ 4ರಿಂದ 12ರ ಬೈಂಡಿಂಗ್ ಸರಿ, 6ರಿಂದ ಶುರುವಾಗುವುದು ಬರೀ ಭಾರ.

ಕೂರಿಸುವವರು ಲೋಹವಿರುವ ಸ್ಕೀಗೆ 4.1 ಮಿ.ಮೀ. ಬಿಟ್ ಬಳಸುತ್ತಾರೆ, ಲೋಹವಿಲ್ಲದ್ದಕ್ಕೆ ಸಾಮಾನ್ಯವಾಗಿ 3.6, ಆಳ 9 ಮಿ.ಮೀ. ಸ್ಕೀಯ ಮೇಲೇ ಈ ಅಳತೆ ಅಚ್ಚಾಗಿರುತ್ತದೆ. ಲೋಹಕ್ಕೆ ಸಣ್ಣ ತೂತು ಕೊರೆದರೆ ತಿರುಪು ಒಳಹೋಗುವಾಗ ಟೈಟನಾಲ್ ಹಾಳೆಯನ್ನು ಮೇಲಕ್ಕೆ ಎಬ್ಬುತ್ತದೆ, ಆ ಉಬ್ಬಿನಿಂದ ನೀರು ಇಳಿದು ಪದರ ಬಿಡುತ್ತದೆ. ಬೂಟಿನ ಮಧ್ಯದ ಗೆರೆ ಸ್ಕೀಯ ಮೇಲಿನ ಗುರುತಿಗೆ ಸರಿಯಾಗಿ ಕೂರಬೇಕು. ಮುಂದೆ ಸರಿಸಿದರೆ ಚುರುಕು ತಿರುವು, ಆದರೆ ಪೌಡರ್‌ನಲ್ಲಿ ಮೂತಿ ಮುಳುಗುತ್ತದೆ. ಖಚಿತ ಕಾರಣ ಇಲ್ಲದೆ ಗುರುತು ಬಿಟ್ಟು ಕದಲಬೇಡಿ.

ಬಾಡಿಗೆಗೆ ಪಡೆದು ನೋಡುವಾಗ

ಒಂದೇ ದಿನ, ಒಂದೇ ಇಳಿಜಾರು. ಮೊದಲ ಇಳಿತ ನಿಧಾನ, ಚಿಕ್ಕ ತಿರುವುಗಳು. ಎರಡನೆಯದು ವೇಗ, ದೊಡ್ಡ ತಿರುವುಗಳು. ಮೂರನೆಯದು ಮಧ್ಯಾಹ್ನದ ಮೇಲೆ, ಕಲಸಿದ ಹಿಮದಲ್ಲಿ. ಬೆಳಿಗ್ಗೆ ಒಂದು ಸ್ಕೀ, ಮಧ್ಯಾಹ್ನ ಇನ್ನೊಂದು ಎಂದು ನೋಡಿದರೆ ನೀವು ಹೋಲಿಸುವುದು ಹಿಮವನ್ನು, ಸ್ಕೀಯನ್ನಲ್ಲ. ಸಾಧ್ಯವಾದರೆ ಒಂದೇ ಮಾದರಿಯ ಎರಡು ಉದ್ದಗಳನ್ನು ಹಾಕಿ ನೋಡಿ. ಪ್ರತಿ ಸಲ ಬೈಂಡಿಂಗನ್ನು ನಿಮ್ಮ ಬೂಟಿಗೆ ಹೊಂದಿಸಿಕೊಡಲು ಹೇಳಿ.

ಏನು ಅನ್ನಿಸಿತು ಎಂಬುದಕ್ಕಿಂತ ಏಕೆ ಎಂದು ಕೇಳಿಕೊಳ್ಳಿ. ಮೂತಿ ಪಟಪಟ ಬಡಿದರೆ ಸ್ಕೀ ನಿಮ್ಮ ವೇಗಕ್ಕೆ ಹಗುರ ಅಥವಾ ಚಿಕ್ಕದು. ತಿರುವಿಗೆ ಹೊರಳಿಸಲೇ ಕಷ್ಟವಾದರೆ ಉದ್ದ ಅಥವಾ ಗಟ್ಟಿ ಹೆಚ್ಚಾಗಿದೆ, ಇಲ್ಲವೇ ಅಂಚು ತಳಕ್ಕಿಂತ ಎತ್ತರವಿದೆ. ಬಾಲ ಜಾರಿದರೆ ಮೊದಲು ಅಂಚಿನ ಹರಿತ ನೋಡಿ, ಆಮೇಲೆ ನಿಮ್ಮ ಭಾರ ಎಲ್ಲಿತ್ತು ಎಂದು, ಕೊನೆಗೆ ಸ್ಕೀಯನ್ನು ಬೈಯಿರಿ. ಬಾಡಿಗೆ ಸ್ಕೀಯ ಮೊಂಡು ಅಂಚಿನಿಂದ ಒಳ್ಳೆಯ ಮಾದರಿಗಳು ಕೆಟ್ಟ ಹೆಸರು ಪಡೆಯುವುದು ದಿನನಿತ್ಯದ ಮಾತು. ಬೆರಳಿನ ಉಗುರನ್ನು ಅಂಚಿನ ಮೇಲೆ ಅಡ್ಡ ಎಳೆಯಿರಿ. ಸಣ್ಣ ಪುಡಿ ಎದ್ದರೆ ಹರಿತವಿದೆ.

ಬಳಸಿದ್ದನ್ನು ಕೊಳ್ಳುವುದಾದರೆ

ಎರಡು ಸ್ಕೀಗಳ ತಳ ಸೇರಿಸಿ ಹಿಡಿಯಿರಿ. ನಡುವೆ ಬೆಳಕು ಕಾಣಬೇಕು, ಎರಡರ ಕಮಾನೂ ಒಂದೇ ಥರ ಇರಬೇಕು. ಅಂಚಿನ ಉಕ್ಕು ಉದ್ದಕ್ಕೂ ಸಮ ಅಗಲ ಇದೆಯೇ, ಪಾದದ ಕೆಳಗೆ ಸವೆದು ದಾರದಂತೆ ಆಗಿದೆಯೇ ನೋಡಿ. ದಾರದಂತಾಗಿದ್ದರೆ ಇನ್ನು ಉಜ್ಜಲು ಏನೂ ಉಳಿದಿಲ್ಲ. ತಳದಲ್ಲಿ ಮರ ಕಾಣುವಷ್ಟು ಆಳದ ಗಾಯ ಅಂಚಿನ ಪಕ್ಕದಲ್ಲಿದ್ದರೆ ಬಿಟ್ಟುಬಿಡಿ. ಎರಡಕ್ಕಿಂತ ಹೆಚ್ಚು ಸಲ ತೂತು ಕೊರೆದ ಸ್ಕೀಯೂ ಬೇಡ. ಬೈಂಡಿಂಗ್ ಸಮೇತ ಬಂದರೆ, ತಯಾರಕರು ಆ ಬೈಂಡಿಂಗನ್ನು ಇನ್ನೂ ಬೆಂಬಲಿಸುತ್ತಾರೆಯೇ ಎಂದು ಸರ್ವಿಸ್ ಅಂಗಡಿಯಲ್ಲಿ ಕೇಳಿ. ಪಟ್ಟಿಯಿಂದ ಬಿಟ್ಟುಹೋದ ಹಳೆಯ ಬೈಂಡಿಂಗನ್ನು ಹಲವು ಅಂಗಡಿಗಳು ಮುಟ್ಟುವುದೇ ಇಲ್ಲ.

ಹೊಸ ಸ್ಕೀಯನ್ನೂ ಪ್ಲಾಸ್ಟಿಕ್ ಬಿಚ್ಚಿ ಹಾಗೇ ಹಾಕಿಕೊಳ್ಳಬೇಡಿ. ತಳದ ಮೇಲೆ ನೇರ ಲೋಹದ ಪಟ್ಟಿಯನ್ನು ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿದರೆ ಅಂಚುಗಳು ಎತ್ತರ, ಸ್ಕೀ ಹಳಿ ಹಿಡಿದಂತೆ ನೇರ ಹೋಗುತ್ತದೆ. ಅಂಚುಗಳ ಬಳಿ ಬೆಳಕು ತೂರಿದರೆ ತಳ ಉಬ್ಬಿದೆ, ಗಟ್ಟಿ ಹಿಮದಲ್ಲಿ ಹಿಡಿತವೇ ಸಿಗದೆ ತೇಲಾಡುತ್ತದೆ. ಎರಡಕ್ಕೂ ಮದ್ದು ಕಲ್ಲಿನ ಯಂತ್ರದಲ್ಲಿ ತಳ ಉಜ್ಜಿಸಿ, ತಳದ ಕಡೆ 1 ಡಿಗ್ರಿ, ಪಕ್ಕಕ್ಕೆ 2 ಡಿಗ್ರಿ ಅಂಚು ಕೂರಿಸುವುದು. ಗಟ್ಟಿ ಹಿಮದವರು ಪಕ್ಕಕ್ಕೆ 3 ಮಾಡಿಸಬಹುದು, ಅದು ಬೇಗ ಮೊಂಡಾಗುತ್ತದೆ. ಮೂತಿಯಲ್ಲಿ ಮೇಲೆದ್ದ ಭಾಗದ ಅಂಚನ್ನು ತುಸು ಮೊಂಡು ಮಾಡಿಸಿ, ಇಲ್ಲದಿದ್ದರೆ ಕಲಸಿದ ಹಿಮದಲ್ಲಿ ಅದು ತಾನಾಗಿ ಕಚ್ಚಿಕೊಂಡು ಎಳೆಯುತ್ತದೆ. ಪ್ಲಾಸ್ಟಿಕ್ ಪುಡಿಯನ್ನು ಒತ್ತಿ ಮಾಡಿದ ಸಿಂಟರ್ಡ್ ತಳವಾದರೆ ಮೂರರಿಂದ ಐದು ದಿನಕ್ಕೊಮ್ಮೆ ಬಿಸಿ ಮೇಣ. ಅಂಚಿನ ಪಕ್ಕ ತಳ ಬೆಳ್ಳಗಾದರೆ ಅದು ಆಗಲೇ ಒಣಗಿದೆ.